ಪಾಲ್ ಇಲ್ಲ

ಇಪ್ಪತ್ತಮೂರನೇ ದಿನ ಕೂಸಿನ ನಾಲಿಗೆಯ ಮೇಲೆ
ಬೆಳ್ಳಗೆ ಏನೋ ಕಂಡಿತು.
ಹಾಲಿರಬೇಕು ಅಂದುಕೊಂಡೆ. ಇನ್ನೇನಿರುತ್ತದೆ,
ಬೇರೆ ಏನನ್ನೂ ಕುಡಿದಿಲ್ಲವಲ್ಲ ಅವಳು.

ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ಹೋಗಲಿಲ್ಲ.
ಕೆನ್ನೆಯ ಒಳಗೂ ಇತ್ತು, ಒಡೆದ ಹಾಲಿನ ಚೂರಿನ ಹಾಗೆ,
ತುಟಿಯ ಹಿಂದೆ, ಹಲ್ಲಿಲ್ಲದ ವಸಡಿನ ಮೇಲೆ.
ಮೊಲೆಗೆ ಬಾಯಿ ಹಾಕುತ್ತಾಳೆ, ಎರಡು ಗುಟುಕು,
ಬಿಟ್ಟು ಅಳುತ್ತಾಳೆ. ಮತ್ತೆ ಹಾಕುತ್ತಾಳೆ.

ನನಗೂ ಉರಿ. ಯಾರಿಗೆ ಹೇಳಲಿ.
ಕುಡಿಸಿಯಾದ ಮೇಲೂ ಅರ್ಧ ಗಂಟೆ
ಎದೆಯೊಳಗೆ ಗಾಜಿನ ಪುಡಿ ಹರಿದ ಹಾಗೆ.
ಚೊಚ್ಚಲಲ್ವಾ, ಹಂಗೇ ಇರ್ತದೆ ಅಂದರು ಪಕ್ಕದವರು.

ಅತ್ತೆ ಚಿಕ್ಕತಾಯಮ್ಮ ಇಣುಕಿ ನೋಡಿ
"ಅಗ್ರ ಕಣವ್ವಾ" ಅಂದು
ಬಿಳಿಗಾರ, ಜೇನು ಹುಡುಕತೊಡಗಿದರು.
ಒರಟು ಬೆರಳು. ನಾಲ್ಕು ಮಕ್ಕಳ ಬಾಯಿ ಉಜ್ಜಿದ ಬೆರಳು.
ಮೂವರು ಬದುಕಿದ್ದಾರೆ.
ನಾನು ಕೂಸನ್ನೆತ್ತಿಕೊಂಡು ಹೊರಟೆ.

ತಾಳವಾಡಿ ಆಸ್ಪತ್ರೆಯಲ್ಲಿ ಹೊಸ ನರ್ಸು, ಪೂಂಗೊಡಿ,
ದಿಂಬಂ ಘಾಟಿ ಹತ್ತಿ ಬಂದು ಎರಡು ತಿಂಗಳು, ಕನ್ನಡ ಬಾರದು.
ಟಾರ್ಚು ಬಿಟ್ಟು ಬಾಯೊಳಗೆ ನೋಡಿ
ತಲೆಯಾಡಿಸಿದಳು: "ಪಾಲ್ ಇಲ್ಲ."

ಎಲೆಕೋಸಿನ ಲಾರಿಯೊಂದು ಹಾರ್ನು ಹೊಡೆಯುತ್ತಾ ಹೋಯಿತು.
ನಾನು ಬೆಂಚಿನ ಮೇಲೆ ಕುಸಿದೆ.
ಹಾಲಿಲ್ಲವೇ? ರವಿಕೆ ತೊಯ್ದಿದೆಯಲ್ಲ,
ಇದೇನು ಹಾಗಾದರೆ, ಬೆವರೇ?
ಅತ್ತವಳು ನಾನು. ಕೂಸು ಸುಮ್ಮನೆ ನನ್ನನ್ನೇ ನೋಡುತ್ತಿತ್ತು.

ಅವಳಿಗೆ ಗಾಬರಿ. ಆಮೇಲೆ ಏನೋ ಹೊಳೆದು
ನನ್ನದೇ ಹಾಲಿನ ಒಂದು ಹನಿ ನನ್ನ ಮುಂಗೈ ಮೇಲಿಟ್ಟು
ಹತ್ತಿಯಿಂದ ಒರೆಸಿದಳು. ಹೋಯಿತು. "ಪಾಲ್."
ಹೊಸ ಹತ್ತಿ ತೆಗೆದು ಕೂಸಿನ ಕೆನ್ನೆಯೊಳಗೆ ಮೆಲ್ಲಗೆ ಒತ್ತಿದಳು.
ಬಿಳಿ ಕದಲಲಿಲ್ಲ. ಅಂಚಿನಲ್ಲಿ ಚೂರು ಎದ್ದ ಕಡೆ
ಕೆಂಪು, ಹಸಿ.
"ಪಾಲ್ ಇಲ್ಲ."

ಹಾಲು ಅಲ್ಲ!
ಅವರಿಗೆ ಎರಡಕ್ಕೂ ಒಂದೇ ಇಲ್ಲ.
ನಮಗೆ ಇಲ್ಲವೂ ಇದೆ, ಅಲ್ಲವೂ ಇದೆ,
ಇದ್ದೂ ನಾನು ಇಷ್ಟು ದಿನ ಒಂದನ್ನೇ ಕೇಳಿಸಿಕೊಂಡೆ.

ಪರದೆ ಎಳೆದು ನನ್ನನ್ನೂ ನೋಡಿದಳು.
ಮೊಲೆತೊಟ್ಟು ಕೆಂಪಗೆ ಮಿರಮಿರ ಮಿಂಚುತ್ತಿತ್ತು.
ಡಾಕ್ಟರು ಬರೆದರು: ಅವಳಿಗೆ ಹನಿ, ನನಗೆ ಮುಲಾಮು,
ಒಬ್ಬರಿಗೆ ಮಾತ್ರ ಹಚ್ಚಿದರೆ ಇನ್ನೊಬ್ಬರಿಂದ ಮರಳುತ್ತದಂತೆ.
ಹಾಲು ಬಿಡಿಸಬೇಡ ಅಂತಲೂ ಅಂದರು.

ಮನೆಗೆ ಬಂದು ಟಾರ್ಚು ಹಿಡಿದು ತೋರಿಸಿದೆ.
"ಹಾಲಲ್ಲ ಅತ್ತೆ. ಹಾಲಿದೆ.
ಉಜ್ಜಬಾರದು, ಜೇನು ಈಗಲೇ ಬೇಡ."
ಅವರು ಜೇನಿನ ಸೀಸೆಯನ್ನು ಅಟ್ಟದ ಮೇಲಿಟ್ಟರು.
ಬಹಳ ಹೊತ್ತು
ತಮ್ಮ ಬೆರಳನ್ನೇ ನೋಡಿಕೊಳ್ಳುತ್ತಿದ್ದರು.