ಒಂದು ಕೂಡಿಸಿದರೆ

ಕುಂಬಳೆ ಬಸ್ ನಿಲ್ದಾಣದ ಕಂಬಕ್ಕೆ ಕುರ್ಚಿ ಒರಗಿಸಿ
ಲಾಟರಿ ಮಾರುವವಳು ನಾನು. ಮಡಿಲಲ್ಲಿ ಕ್ಲಿಪ್ಪು ಹಲಗೆ.
ಬಂದವರು ಕೊನೆಯಂಕೆ ನೋಡುತ್ತಾರೆ,
ಕೂಡಿದರೆ ಎಷ್ಟೆಂದು ಬೆರಳು ಮಡಿಸುತ್ತಾರೆ.
ನಾನು ಮಾತ್ರ ಒಡೆದು ನೋಡುವವಳು,
ಏಳನೆಯಲ್ಲಿ ಮಾಲಿಂಗ ಮಾಷ್ಟ್ರು ಅಂಟಿಸಿದ ಚಟ.

ಇವತ್ತಿನ ಕಟ್ಟಿನಲ್ಲಿ
ಐದು ಒಂದು ಸೊನ್ನೆ, ಐದು ಒಂದು ಸೊನ್ನೆ.
ಅಂದುಞ್ಞಿ ಮಲಯಾಳದಲ್ಲಿ ಓದಿದ, ಐತ್ತಪ್ಪ ತುಳುವಿನಲ್ಲಿ,
ನಾನು: ಐದು ಲಕ್ಷದ ಹತ್ತು ಸಾವಿರದ ಐನೂರ ಹತ್ತು.
ಯಾವ ನಾಲಗೆಯಲ್ಲಿ ಕರೆದರೂ
ಒಳಗಿರುವ ಮಂದಿ ಅವರೇ.

ಮೂರಂಕೆ ಬರೆದು ಅದನ್ನೇ ಪಕ್ಕದಲ್ಲಿ ಮತ್ತೆ ಬರೆದರೆ
ಏಳು, ಹನ್ನೊಂದು, ಹದಿಮೂರು
ಕರೆಯದೆಯೇ ಬಂದು ಕೂರುತ್ತವೆ,
ಸಾವಿರದ ಒಂದರ ಗುಟ್ಟು ಅದು, ಅನ್ನುತ್ತಿದ್ದರು ಮಾಷ್ಟ್ರು.
ಉಳಿದ ಐನೂರ ಹತ್ತರಲ್ಲಿ
ಎರಡು ಮೂರು ಐದು, ಮತ್ತೆ ಹದಿನೇಳು.
ಮೊದಲ ಏಳು ಅವಿಭಾಜ್ಯರು, ನಡುವೆ ಎಲೆ ಖಾಲಿ ಬಿಡದೆ,
ಒಂದೇ ಪಂಕ್ತಿಯಲ್ಲಿ.
ಇದಕ್ಕಿಂತ ಚಿಕ್ಕ ಸಂಖ್ಯೆಯೊಳಗೆ
ಅಷ್ಟು ಮಂದಿಗೆ ಜಾಗವಿಲ್ಲ.

ಸಿಮೆಂಟ್ ಲಾರಿಯ ಹದಿನೇಳು ಹೊರೆಯಾಳುಗಳು ಸೇರಿ ಕೊಂಡರು,
ತಲೆಗೆ ಮೂರು ರೂಪಾಯಿ,
ಹೆಚ್ಚಾದ ಒಂದು ನನಗೆ.

ಪಕ್ಕದ್ದು ಉಳಿಯಿತು. ಕೊನೆಯ ಸೊನ್ನೆಯ ಜಾಗದಲ್ಲಿ ಒಂದು.
ಕೂಡಿದರೆ ಹದಿಮೂರು. ವೇಂಡ ಚೇಚಿ, ಅಂದರು ಎಲ್ಲರೂ.
ಏಳೂ ಬಾಗಿಲು ತಟ್ಟಿ ನೋಡಿದೆ,
ಎರಡರಿಂದ ಹದಿನೇಳರ ತನಕ.
ಎಲ್ಲೆಲ್ಲೂ ಒಂದು ಶೇಷ.
ಯಾರ ಪಾಲಿಗೂ ಬೀಳದ್ದು ಇದು ಅಂದುಕೊಂಡೆ,
ತರವಾಡಿನ ಪಾಲುಪಟ್ಟಿಯಲ್ಲಿ ನಾನಿದ್ದ ಹಾಗೆ.

ಹನ್ನೆರಡೂವರೆಗೆ ಚಾ ತಂದ ಐತ್ತಪ್ಪ
ಲೋಟ ಎಣಿಸುತ್ತಿದ್ದ: ಹತ್ತೊಂಬತ್ತು.
ಮೊನ್ನೆಯಿಂದ ಇಬ್ಬರು ಹೊಸಬರಂತೆ,
ಜಾರ್ಖಂಡದ ಬುಧನ್, ಸುಕ್ರಾ. ರೆಪ್ಪೆಯ ಮೇಲೂ ಸಿಮೆಂಟು.
ಟಿಕೇಟಿಗೆ ಅವರನ್ನು ಯಾರೂ ಸೇರಿಸಿರಲಿಲ್ಲ.

ಕೈ ಸುಮ್ಮನಿರಲಿಲ್ಲ. ಅವರ ಸಂಖ್ಯೆಯನ್ನು ಹತ್ತೊಂಬತ್ತರಿಂದ ಭಾಗಿಸಿದೆ:
ಹದಿನೆಂಟು ಉಳಿಯಿತು. ಒಂದಿದ್ದರೆ ಆಗುತ್ತಿತ್ತು.
ಆ ಒಂದು ನನ್ನ ಹಲಗೆಯ ಮೇಲಿತ್ತು,
ಯಾರಿಗೂ ಬೇಡದೆ, ಕ್ಲಿಪ್ಪಿನಡಿಯಲ್ಲಿ ಗಾಳಿಗೆ ಪಟಪಟ.
ಹತ್ತೊಂಬತ್ತು, ತೊಂಬತ್ತೇಳು, ಇನ್ನೂರ ಎಪ್ಪತ್ತೇಳು,
ಮೂವರೂ ನಾನು ಕೇಳದ ಮನೆಯವರು.
ಮಾಷ್ಟ್ರೇ, ನೀವು ಹೇಳಿದ್ದು ಇದನ್ನೇ ಅಲ್ಲವೇ?
ಗೊತ್ತಿರುವವರನ್ನೆಲ್ಲ ಗುಣಿಸಿ ಒಂದು ಕೂಡಿಸು,
ಗೊತ್ತಿಲ್ಲದವರು ಬಂದೇ ಬರುತ್ತಾರೆ.

ಮೂರಕ್ಕೆ ಡ್ರಾ. ಎರಡೂ ಬರೀ ಕಾಗದ.
ಹಿಂಬದಿಯಲ್ಲಿ ಗೀಚಿದ ಲೆಕ್ಕಕ್ಕೆ ಸುಕ್ರಾ ಬಗ್ಗಿದ,
ಬೆರಳಿಟ್ಟು ಓದಿದ: ಉನ್ನೀಸ್.
ಇಪ್ಪತ್ತಕ್ಕೆ ಒಂದು ಕಮ್ಮಿ, ಹೆಸರೇ ಹಾಗಂತೆ.
ಐತ್ತಪ್ಪ ನನ್ನ ಕುರ್ಚಿಯ ಕಡೆ ನೋಡಿ
ಇನ್ನೊಂದು ಚಾ ಹೇಳಿದ.