ಏಳರಿಂದ ಎಂಟಕ್ಕೆ

ಗೊಜೆ ದ್ವೀಪ. ಹಡಗುಕಟ್ಟೆಯ ಎರಡನೇ ಗೇಟಿನೆದುರು
ಕೋಳಿ ಕರಿಯುವ ಅಂಗಡಿ, ಅದರ ಕೆಳಗೆ ನೆಲಮಾಳಿಗೆ,
ನಲವತ್ತು ಕಂಪ್ಯೂಟರು, ಗಂಟೆಗೆ ಸಾವಿರದಿನ್ನೂರು ವಾನ್.
ಬೆಳಗಿನ ಐದೂವರೆ.
ಮೂವತ್ತೊಂದನೇ ಕುರ್ಚಿಯಲ್ಲಿ ಪ್ಯೊ ಮ್ಯೊಂಗ್‌ಒಕ್,
ವಯಸ್ಸು ಐವತ್ತೆರಡು, ಕಸುಬು ಬೆಸುಗೆ,
ಕುತ್ತಿಗೆಯ ಮೇಲೆ ಕಿಡಿ ಕಚ್ಚಿದ ಸಣ್ಣ ಸಣ್ಣ ಕಲೆ.

ಅವಳ ಕತ್ತಿ ಈಗ ಏಳರಲ್ಲಿದೆ.

ಮೊದಲ ಮೂರು ಮೆಟ್ಟಿಲು ಎಲ್ಲರಿಗೂ ಸಲೀಸು:
ಕಲ್ಲು ಕೊಡು, ಕಾಸು ಕೊಡು, ಠಣ್, ಏರಿತು.
ನಾಲ್ಕು, ಐದು, ಆರು: ಸೋತರೆ ಕಲ್ಲು ಹೋಗುತ್ತದೆ,
ಕತ್ತಿ ಉಳಿಯುತ್ತದೆ, ಮುಖ ಸ್ವಲ್ಪ ಬಾಡುತ್ತದೆ.
ಏಳು ದಾಟುವಾಗ ಮಾತ್ರ
ಕಮ್ಮಾರನ ಮಾತಿನ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ:
ನೂರಕ್ಕೆ ಹನ್ನೆರಡು.
ಉಳಿದ ಎಂಬತ್ತೆಂಟರಲ್ಲಿ
ನಲವತ್ತಕ್ಕೆ ಏನೂ ಆಗದು,
ನಲವತ್ತೆಂಟಕ್ಕೆ ಕತ್ತಿಯೇ ಇರದು.

ಪಕ್ಕದ ಕುರ್ಚಿಯ ಹುಡುಗ, ಗು ದಾಹ್ವಾನ್,
ಮುಹೂರ್ತ ಇಡುವವನ ಗತ್ತಿನಲ್ಲಿ ಹೇಳುತ್ತಾನೆ:
"ಚಿಕ್ಕಮ್ಮಾ, ಮೊದಲು ಏಳರ ಎರಡು ಹಳೇ ಚಾಕು ಒಡ್ಡಿ,
ಅವನ ಕೆಟ್ಟ ಗಳಿಗೆ ಅವುಗಳ ಮೇಲೆ ಹೋಗಲಿ.
ಬಾವಿಯ ಕಡೆ ಮುಖ ಮಾಡಿ ನಿಲ್ಲಿ.
ಊರು ಖಾಲಿ ಇರುವಾಗ ಒತ್ತಿ."
ಹೇಳಿ ಮುಗಿಸಿ, ಸ್ವಲ್ಪ ನಾಚಿ, ತಾನೇ ಅನ್ನುತ್ತಾನೆ:
"ಪ್ರತಿ ಸಲದ ದಾಳವೂ ಬೇರೆ. ಹಿಂದಿನದು ಅದಕ್ಕೆ ನೆನಪಿರಲ್ಲ."
ಆದರೂ ಚಾಕು ತನ್ನ ಚೀಲದಿಂದಲೇ ಕೊಡುತ್ತಾನೆ, ಎರಡು.

ಅವಳಿಗೆ ಉಕ್ಕು ಗೊತ್ತು.
ಬೆಸುಗೆಯ ಹೊಟ್ಟೆಯಲ್ಲಿ ಸಾಸಿವೆಯಷ್ಟು ಗಾಳಿ ಉಳಿದರೂ
ಎಕ್ಸ್‌ರೇ ಚಾಡಿ ಹೇಳುತ್ತದೆ,
ಇನ್‌ಸ್ಪೆಕ್ಟರ್ ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಾನೆ.
ಅವಳು ಅಷ್ಟನ್ನೇ ಕೆತ್ತಿ ತೆಗೆದು, ಕಾಯಿಸಿ, ಮತ್ತೆ ತುಂಬುತ್ತಾಳೆ.
ತಪ್ಪಿಗೆ ಅಲ್ಲೊಂದು ಜಾಗವಿದೆ, ಅಳತೆಯಿದೆ,
ಹೆಚ್ಚೆಂದರೆ ಅಂಗೈಯಗಲ.
ಅದಕ್ಕಾಗಿ ಹಡಗನ್ನೇ ಯಾರೂ ಮಾಯ ಮಾಡುವುದಿಲ್ಲ.
"ಇವನೆಂಥ ಕಮ್ಮಾರ," ಅನ್ನುತ್ತಾಳೆ,
"ಮುರಿದೂ ಕೂಲಿ ಇಸಿದುಕೊಳ್ಳುತ್ತಾನೆ.
ಕಣ್ಣಿಗೆ ಕಪ್ಪು ಗಾಜೂ ಹಾಕಿಲ್ಲ."

ಇನ್ನೊಂದು, ಅವಳು ಯಾರಿಗೂ ಹೇಳದ್ದು:
ಎಂಟು ತಿಂಗಳಿಂದ ಈ ಕತ್ತಿಯಿಂದ
ಒಂದು ಹಂದಿಯನ್ನೂ ಹೊಡೆದಿಲ್ಲ.
ನಾಲ್ಕರಲ್ಲಿದ್ದಾಗ ಕಾಡಿಗೆ ಹೋಗುತ್ತಿದ್ದಳು,
ನದಿ ದಾಟುತ್ತಿದ್ದಳು, ಕಪ್ಪೆ ಕೂಗುವ ಕಡೆ
ಸುಮ್ಮನೆ ಕೂತಿರುತ್ತಿದ್ದಳು.
ಏಳಾದ ಮೇಲೆ ಬ್ಯಾಂಕಿನ ಪೆಟ್ಟಿಗೆಯಿಂದ ಕಮ್ಮಾರನ ಕಟ್ಟೆಗೆ,
ಧೈರ್ಯ ಸಾಲದೆ ಕಟ್ಟೆಯಿಂದ ಪೆಟ್ಟಿಗೆಗೆ.
ಹದಿನೆಂಟು ಹೆಜ್ಜೆ. ಎಣಿಸಿದ್ದಾಳೆ.

ರಕ್ಷೆಯ ಸುರುಳಿ ಕೊಂಡರೆ ಮುರಿಯುವುದಿಲ್ಲ.
ಮೂವತ್ತು ಸಾವಿರ ವಾನ್, ಆಟದ್ದಲ್ಲ, ಬೆವರಿನದು.
ಕಾರ್ಡು ಹೊರತೆಗೆದಳು,
ಅದರ ಅಂಚಿನಿಂದ ಉಗುರ ಸಂದಿಯ ಮಸಿ ಕೆರೆದಳು,
ಮತ್ತೆ ಜೇಬಿಗಿಟ್ಟಳು.

ಒಂದು ಚಾಕು ಮುರಿಯಿತು.
ಎರಡನೆಯದು ಎಂಟಕ್ಕೆ ಏರಿಬಿಟ್ಟಿತು,
ಹಾಳಾದ್ದು, ಬೇಡದ ಕಡೆ ಅದೃಷ್ಟ.
ದಾಹ್ವಾನ್‌ನ ಚಾಪ್‌ಸ್ಟಿಕ್ಕು ಬಟ್ಟಲಿಗೂ ಬಾಯಿಗೂ ನಡುವೆ ನಿಂತಿತು.
ಅವಳು ಒತ್ತಿದಳು.

ಸುತ್ತಿಗೆ ಮೂರು ಸಲ ಬಿತ್ತು.
ಮೂರನೆಯ ಪೆಟ್ಟಿಗೂ ಫಲಕ್ಕೂ ನಡುವೆ
ಯಾರೋ ಬೇಕೆಂದೇ ಇಟ್ಟ ಒಂದೂವರೆ ಸೆಕೆಂಡು.
ದಾಳ ಆಗಲೇ ಉರುಳಿ ಆಗಿದೆ,
ತೋರಿಸುವುದಷ್ಟೇ ತಡ.

ಪರದೆಯ ಮೇಲೆ ನಾಲ್ಕು ಚೂರು, ಒಂದು ಹಿಡಿ.
ಕಮ್ಮಾರ: "ಮತ್ತೆ ಬನ್ನಿ."

ಏಳು ಬೀಳು ಎಂದು ಕನ್ನಡದಲ್ಲಿ ಬರೆದರೆ
ಅಂಕೆ ತಾನಾಗಿ ಎದ್ದು ನಿಲ್ಲುತ್ತದೆ;
ಮ್ಯೊಂಗ್‌ಒಕ್‌ಗೆ ಆ ಸೌಲಭ್ಯವಿಲ್ಲ.
ಹುಡುಗನ ಬಟ್ಟಲಿನಿಂದ ಒಂದು ರಾಮ್ಯನ್ ಎಳೆ ಎಳೆದು ತಿಂದಳು.
ಆಮೇಲೆ ಊರ ಬಾಗಿಲಲ್ಲಿ
ಹೊಸಬರಿಗೆ ಪುಕ್ಕಟೆ ಕೊಡುವ ಮರದ ದೊಣ್ಣೆ ಇಸಿದುಕೊಂಡು
ಹಂದಿಯೊಂದರ ಬೆನ್ನು ಹತ್ತಿದಳು.
ಮೊದಲ ಸಲ ಹಂದಿಯೇ ಗೆದ್ದಿತು.
ಎರಡನೇ ಸಲ ಹನ್ನೊಂದು ಏಟು ಬೇಕಾಯಿತು,
ಏಟಿಗೊಂದು ಸಲ ಅವಳ ಭುಜವೂ ಅಲುಗಿತು.

ಗೋಡೆಯ ಗಡಿಯಾರದಲ್ಲಿ ಏಳು.
ಪಾಳಿ ಎಂಟಕ್ಕೆ.
ಹೆಲ್ಮೆಟ್ಟು ಬಗಲಿಗಿಟ್ಟು ಮೆಟ್ಟಿಲು ಹತ್ತಿದಳು
ನಿನ್ನೆಯ ಎಣ್ಣೆಯ ವಾಸನೆಯೊಳಗೆ.
ಕೆಳಗಿನಿಂದ ಹುಡುಗ ಕೂಗುತ್ತಿದ್ದ:
"ಚಿಕ್ಕಮ್ಮಾ, ಎಂಟರ ಚಾಕು!
ನಿಮ್ಮ ಚೀಲದಲ್ಲೇ ಇತ್ತಲ್ಲ!"