ಲದ್ದಿ

ರಾತ್ರಿ ಹನ್ನೊಂದೂವರೆಗೆ ಮಕ್ಬೂಲ್ ಸಾಬರ ಫೋನು.
"ಅಮ್ಮಾ, ಚಮಕಿ ಬಿದ್ದು ಹೊರಳಾಡ್ತಾವ್ಳೆ."
ಅಷ್ಟೇ. ಮುಂದೆ ಬರೀ ಉಸಿರು.

ನೈಟಿಯ ಮೇಲೊಂದು ಶಾಲು ಎಳೆದುಕೊಂಡು
ಇಟ್ಟಿಗೆಗೂಡಿನ ಇಳಿಜಾರಿಗೆ ಸ್ಕೂಟಿ ಬಿಟ್ಟಾಗ
ಮೃಗಾಲಯದ ಗೋಡೆಯಾಚೆ ಹುಲಿಯೊಂದು ಕೆಮ್ಮಿತು.
ಅದಕ್ಕೇನು, ಒಳಗೇ ಡಾಕ್ಟರಿದ್ದಾರೆ, ಅಂದುಕೊಂಡೆ.

ಲಷ್ಕರ್ ಮೊಹಲ್ಲಾದ ಗಲ್ಲಿ, ಬೀದಿದೀಪದ ಕೆಳಗೆ
ದಸರೆಗೆ ಹೊಸ ಗೆಜ್ಜೆ ಕಟ್ಟಿಸಿಕೊಂಡಿದ್ದ ಕುದುರೆ
ತನ್ನ ಹೊಟ್ಟೆಯನ್ನೇ ತಿರುತಿರುಗಿ ನೋಡುತ್ತಿತ್ತು,
ಒಳಗಿಂದ ಯಾರೋ ಕರೆದ ಹಾಗೆ.

ಡಾಕ್ಟರಮ್ಮ ಆಗಲೇ ಬಂದು ಮೂಗಿನಿಂದ ನಳಿಕೆ ಇಳಿಸಿ
ಎಣ್ಣೆ ಹೊಯ್ದಿದ್ದರು, ಸೂಜಿ ಹಾಕಿದ್ದರು.
"ಹೊರಳೋಕೆ ಬಿಡಬೇಡಿ, ಕರುಳು ತಿರುಚಿಕೊಂಡರೆ ಕಷ್ಟ.
ನಿಧಾನ ನಡೆಸ್ತಾ ಇರಿ. ಲದ್ದಿ ಹಾಕಿದರೆ ಗೆದ್ದ ಹಾಗೆ."

ನಡೆಸಿದೆವು.
ಗಲ್ಲಿಯ ಕೊನೆಯ ಟ್ರಾನ್ಸ್‌ಫಾರ್ಮರಿನ ತನಕ,
ಅಲ್ಲಿಂದ ತಿರುಗಿ ಬೇಕರಿಯ ತನಕ,
ಗಂಟೆಗೊಬ್ಬರು, ಹಗ್ಗ ಕೈ ಬದಲಿಸುತ್ತಾ.

ಈ ಹೊತ್ತಿನಲ್ಲಿ ನಿನಗ್ಯಾಕೆ ಅಂತ ನನ್ನ ಗಂಡ ಕೇಳಲಿಲ್ಲ.
ಅವನಿಗೆ ಗೊತ್ತು: ಜುಲೈ ತಿಂಗಳಲ್ಲಿ ನಮ್ಮ ಬೋಂಡಾ
ರಕ್ತಭೇದಿಯಲ್ಲಿ ಬತ್ತಿ ಬರೀ ಚರ್ಮವಾದಾಗ,
ಸೀಟು ಹಾಳಾಗುತ್ತೆ ಅಂತ ಆಟೋದವರು ಗೇರು ಹಾಕಿದಾಗ
ಐದು ದಿನ, ಬೆಳಿಗ್ಗೆ ಏಳಕ್ಕೆ,
ಬಾಗಿಲಲ್ಲಿ ಟಾಂಗಾ ನಿಂತಿರುತ್ತಿತ್ತು.
ಒಂದು ಕೈಯಲ್ಲಿ ಲಗಾಮು,
ಇನ್ನೊಂದರಲ್ಲಿ ಗ್ಲೂಕೋಸಿನ ಬಾಟಲಿ ಎತ್ತಿ ಹಿಡಿದು
ಸಂತೆಪೇಟೆಯ ಸೊಪ್ಪು, ಬಾಳೆಗೊನೆ, ಬೈಗುಳಗಳ ನಡುವೆ
ಮಕ್ಬೂಲ್ ಸಾಬರು ನಮ್ಮನ್ನು ಮೆರವಣಿಗೆ ಒಯ್ದಿದ್ದರು.
ಬಾಡಿಗೆ ಕೊಡಹೋದರೆ
"ಟೂರಿಸ್ಟಾ ನೀವು?" ಅಂದಿದ್ದರು.

ಪಂಕ್ಚರ್ ಅಂಗಡಿಯ ಶಿವಮಲ್ಲು
ತನ್ನ ಮೂರು ಕಾಲಿನ ಸ್ಟೆಪ್ನಿಯನ್ನೂ ಕರೆತಂದ.
ಆ ನಾಯಿ ಕುಂಟುತ್ತಾ
ಪ್ರತಿ ಸುತ್ತೂ ಕುದುರೆಯ ಹಿಂದೆ ಬಂತು, ಯಾರೂ ಹೇಳದೆ.
ಪಾರಿವಾಳ ಸಾಕುವ ಹುಡುಗ ಲೋಹಿತನಿಗೆ ಕುದುರೆ ಎಂದರೆ ಹೆದರಿಕೆ.
ಒದೆ ತಲುಪದಷ್ಟು ದೂರದಲ್ಲಿ ಟಾರ್ಚು ಬಿಟ್ಟುಕೊಂಡು
ಬಾಲದ ಬುಡವನ್ನೇ ಕಾಯುತ್ತಾ ನಡೆದ,
ಪಿಯುಸಿ ರಿಸಲ್ಟಿಗೂ ಅವನು ಹಾಗೆ ಕಾದವನಲ್ಲ.

ಥೆರೇಸಮ್ಮ ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ.
ಅವರ ಬೆಕ್ಕು ಮುತ್ತು, ಕಿಡ್ನಿ ಹೋಗಿ, ಶನಿವಾರ ತಾನೇ...
ನಾನೇ ಹೋಗಿದ್ದೆ, ಸಂಪಿಗೆ ಗಿಡದ ಬುಡ ಅಗೆಯಲು.
ಫ್ಲಾಸ್ಕು ತುಂಬ ಕಾಫಿ, ಸ್ಟೀಲ್ ಲೋಟಗಳು, ಆ ನೀಲಿ ಚೀಲ.
ಆಸ್ಪತ್ರೆಯ ಬೆಂಚಿನ ಮೇಲೆ ಅದರ ಬಾಯಿಂದ
ಎರಡು ಕಿವಿ ಇಣುಕುತ್ತಿದ್ದವು.
"ಹೇಗೂ ನಿದ್ದೆ ಬರಲ್ಲ," ಅಂದರು. "ಹಗ್ಗ ಕೊಡಿ."

ಎರಡರಿಂದ ಮೂರು ಅವರದು.
ಚಮಕಿಯ ಕಿವಿಗೆ ಏನೋ ಹೇಳುತ್ತಲೇ ನಡೆದರು,
ತಮಿಳೋ ಕನ್ನಡವೋ ಜಪಮಣಿಯೋ, ನಮಗೆ ಕೇಳಿಸಲಿಲ್ಲ.
ಮುಂಗಾಲು ಮಡಿಸಿ ಇನ್ನೇನು ಕುಸಿಯಿತು ಅನ್ನುವಾಗ
ಆ ನಲವತ್ತೈದು ಕೇಜಿ ಹೆಂಗಸು ಅದರ ಕೊರಳಿಗೆ ಜೋತುಬಿದ್ದು
"ಬೇಡ. ಇವತ್ತು ಬೇಡ," ಅಂದರು.
ಕುದುರೆ ನಿಂತಿತು.
ನಾವೆಲ್ಲ ಬೇರೆ ಕಡೆ ನೋಡಿದೆವು.

ಹಾಲಿನ ವ್ಯಾನು ಹೋಯಿತು. ಬೇಕರಿಯ ಷಟರು ಎದ್ದಿತು.
ಮಸೀದಿಯ ಮೈಕು ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ
ಲೋಹಿತ ಕೂಗಿದ: "ಎತ್ತಿದ್ಲು! ಬಾಲ ಎತ್ತಿದ್ಲು!"

ಐದು ಉಂಡೆ.
ಡಾಂಬರಿನ ಮೇಲೆ ಎಣ್ಣೆ ಮೆತ್ತಿ ಹೊಳೆಯುತ್ತಾ, ಹಬೆಯಾಡುತ್ತಾ.
ಮಕ್ಬೂಲ್ ಸಾಬರು ಅಲ್ಲೇ ಕುಕ್ಕರುಗಾಲಲ್ಲಿ ಕೂತು
ಟವೆಲಿನಿಂದ ಮುಖ ಮುಚ್ಚಿಕೊಂಡರು.
ಶಿವಮಲ್ಲು ಫೋಟೋ ಹೊಡೆದು ಡಾಕ್ಟರಮ್ಮನಿಗೆ ಕಳಿಸಿದ.
ಫೋಕಸ್ ಸರಿಯಿಲ್ಲವೆಂದು ಇನ್ನೊಂದು ಹೊಡೆದ.

ಥೆರೇಸಮ್ಮ ಲೋಟಗಳನ್ನು ಬೀದಿ ನಲ್ಲಿಯಲ್ಲಿ ತೊಳೆದು
ಚೀಲದೊಳಗೆ ಇಡಲು ಹೋಗಿ
ಒಂದು ಗಳಿಗೆ ಕೈ ಅಲ್ಲೇ ತಡೆದರು.
ಒದ್ದೆ ಬೆರಳಿಗೆ ಅಂಟಿದ ಬಿಳಿಯ ಕೂದಲನ್ನು
ಊದಲಿಲ್ಲ, ಒರೆಸಿಕೊಳ್ಳಲೂ ಇಲ್ಲ.
"ಬೋಂಡಾಗೆ ಮುಂದಿನ ಸೂಜಿ ಯಾವತ್ತು?" ಕೇಳಿದರು.
"ಹದಿನೆಂಟಕ್ಕೆ."
"ಬರ್ತೀನಿ. ಬೆಂಚಲ್ಲಿ ನನಗೆ ಜಾಗ ಹಿಡಿದಿರಿ."